ಹೆಣ್ಣಿನ ತಂದೆ ಸೈಕಲ್ ತುಳಿದದ್ದು

ಐವತ್ತು ದಾಟಿದವನು ಸೈಕಲ್ ಕೊಂಡರೆ ಅವನಿಗೆ ಏನೋ ಆಗಿದೆ ಎಂದು ಗೌರಿಬಿದನೂರಿನಲ್ಲಿ ಎಲ್ಲರಿಗೂ ಗೊತ್ತಾಗುತ್ತದೆ. ಏನಾಗಿದೆ ಎಂಬುದರಲ್ಲಿ ಮಾತ್ರ ಭಿನ್ನಾಭಿಪ್ರಾಯವಿದೆ. ಹಾಗೆ ಕೊಂಡವನು ನಾನು; ಹೀಗಾಗಿ ವಾರಕ್ಕೊಂದಾದರೂ ಇಂಥ ಪ್ರಸಂಗ ನಡೆಯುತ್ತದೆ.

ಉಳಿದ ಸಾಮಾನು

ನನ್ನದು ಹೈಬ್ರಿಡ್ ಸೈಕಲ್. ಇಪ್ಪತ್ತೊಂದು ಗೇರ್ ಇವೆ. ಕ್ಯಾರಿಯರ್, ಸ್ಟ್ಯಾಂಡು, ಮಡ್‌ಗಾರ್ಡು ಇಲ್ಲ. ಕುಡುಮಲಕುಂಟೆಯ ಕಾರ್ಖಾನೆಗೆ ಅದರಲ್ಲೇ ಹೋಗುತ್ತೇನೆ. ಮೊದಲ ದಿನ ಗೇಟಿನ ಕಾವಲುಗಾರ ಅದಕ್ಕೆ ಒಂದು ಸುತ್ತು ಬಂದು ನೋಡಿ, ಉಳಿದ ಸಾಮಾನು ಯಾವಾಗ ಬರುತ್ತದೆ ಎಂದು ಕೇಳಿದ. ಇರುವುದೇ ಇಷ್ಟು ಎಂದೆ. ಅವನ ಮುಖ ಗಂಭೀರವಾಯಿತು.

"ಬಿಲ್ ಇದ್ಯಾ ಸಾರ್? ಹಂಗೆಲ್ಲ ಬಿಡಬಾರ್ದು."

ಅಂಗಡಿಯವನ ಹತ್ತಿರ ಮಾತಾಡಲು ಅವನು ಅರ್ಧ ದಿನ ರಜೆ ಹಾಕಲೂ ಸಿದ್ಧನಿದ್ದ.

ಖಾಲಿ ಕೈ

ಭಾನುವಾರ ಸುಮ್ಮನೆ ತುಳಿಯುತ್ತೇನೆ. ಒಮ್ಮೆ ನಗರಗೆರೆಯಲ್ಲಿ ಟೀಗೆ ನಿಂತಾಗ ಹಿರಿಯರೊಬ್ಬರು ಯಾರ ಮನೆಗೆ ಬಂದದ್ದು ಎಂದು ವಿಚಾರಿಸಿದರು. ಯಾರ ಮನೆಗೂ ಅಲ್ಲ ಎಂದೆ. ಜಮೀನು ನೋಡಲಿಕ್ಕೆ? ಅಲ್ಲ. ಸುಮ್ಮಸುಮ್ಮನೆ ಬಂದದ್ದೇ ಎಂಬ ಅರ್ಥದಲ್ಲಿ "ಊರಿಕೇನಾ?" ಎಂದು ತೆಲುಗಿನಲ್ಲಿ ಕೇಳಿದರು. ಹೌದೆಂದೆ. ಅವರಿಗೆ ತಡೆಯಲಾಗಲಿಲ್ಲ. ಮನೆಗೆ ಹೋಗಿ ಎರಡು ಕುಂಬಳಕಾಯಿ ತಂದು, ಗೌರಿಬಿದನೂರಿನಲ್ಲಿರುವ ತಮ್ಮ ತಂಗಿಗೆ ಮುಟ್ಟಿಸಲು ಹೇಳಿದರು.

"ತಗೊಂಡೋಗಪ್ಪ. ದಾರೀಲಿ ಯಾರಾದ್ರೂ ಕೇಳಿದ್ರೆ ಹೇಳಕ್ಕೆ ಒಂದು ಕೆಲಸ ಆಯ್ತು."

ವಿಚಾರಣೆ

ನನ್ನ ಮಗಳಿಗೆ ಚಿಂತಾಮಣಿಯಿಂದ ಸಂಬಂಧ ಬಂತು. ಹುಡುಗ ಹುಡುಗಿ ಒಪ್ಪಿದ್ದರು. ಬಾಕಿ ಇದ್ದದ್ದು, ಗಂಡಿನ ಕಡೆಯವರು ನಮಗೆ ತಿಳಿಯದಂತೆ ಊರಿಗೆ ಬಂದು ನಮ್ಮ ಬಗ್ಗೆ ವಿಚಾರಿಸಿಕೊಂಡು ಹೋಗುವುದು. ಅದು ಮುಗಿಯುವವರೆಗೆ ಸೈಕಲ್ ಮುಟ್ಟಕೂಡದು, ಸಂಬಂಧ ತಪ್ಪಿದರೆ ಮಗಳಿಗೆ ನೀವೇ ಉತ್ತರ ಹೇಳಬೇಕು ಎಂದಳು ನನ್ನ ಹೆಂಡತಿ. ಎರಡು ವಾರ ಮುಟ್ಟಲಿಲ್ಲ. ಮೂರನೇ ಭಾನುವಾರ ಅವಳು ದೇವಸ್ಥಾನಕ್ಕೆ ಹೋದಾಗ ಹೆಲ್ಮೆಟ್, ಕಪ್ಪು ಕನ್ನಡಕ ಹಾಕಿ, ಮೂಗಿನವರೆಗೆ ಬಟ್ಟೆ ಕಟ್ಟಿಕೊಂಡು ಹೊರಟೆ.

ಊರಾಚೆ ಕಾರೊಂದು ಪಕ್ಕದಲ್ಲಿ ನಿಂತಿತು. ಒಳಗಿದ್ದವರು ನಾನು ಫೋಟೋದಲ್ಲಿ ನೋಡಿದ್ದ ಗಂಡಿನ ತಂದೆ. ನನ್ನ ಬೀದಿ, ನನ್ನ ಹೆಸರು ಹೇಳಿ, ಆ ಮನೆಯವರು ಹೇಗೆ ಎಂದು ಕೇಳಿದರು. ತಾಯಿ, ಮಗಳು ಬಂಗಾರ ಎಂದೆ. ಯಜಮಾನರು? ಪರವಾಗಿಲ್ಲ ಎಂದೆ, ಅದಕ್ಕಿಂತ ಹೆಚ್ಚು ಹೇಳಲು ಸಂಕೋಚವಾಯಿತು. ಸೈಕಲ್ ತುಳಿಯುತ್ತಾರಂತೆ, ಅಷ್ಟು ಕಷ್ಟದಲ್ಲಿದ್ದಾರೆಯೇ ಎಂದರು. ಕಷ್ಟವೇನಿಲ್ಲ, ಸ್ಕೂಟರ್ ಇದೆ, ಖುಷಿಗೆ ತುಳಿಯುತ್ತಾರೆ ಎಂದೆ.

ಅವರು ಪಕ್ಕದಲ್ಲಿದ್ದ ಹೆಂಡತಿಯ ಕಡೆ ತಿರುಗಿದರು.

"ಬಡತನ ಆಗಿದ್ರೆ ಯೋಚನೆ ಇರ್ಲಿಲ್ಲ ಕಣೇ. ಇದು ಮಕ್ಕಳಿಗೂ ಬರುತ್ತೆ."

ತಕ್ಷಣ ತಿದ್ದಿಕೊಂಡೆ. ಸ್ಕೂಟರ್ ಕೆಟ್ಟು ವರ್ಷವಾಯಿತು, ಪಾಪ, ತುಂಬಾ ಕಷ್ಟ, ಹೊರಗೆ ಹೇಳಿಕೊಳ್ಳುವುದಿಲ್ಲ ಎಂದೆ. ಅವರು ನನ್ನನ್ನೂ ಸೈಕಲನ್ನೂ ಸ್ವಲ್ಪ ಹೊತ್ತು ನೋಡಿ ಹೊರಟರು.

ಮುಂದಿನ ಭಾನುವಾರ ತಮ್ಮ ತೀರ್ಮಾನ ಹೇಳಲು ಮನೆಗೇ ಬಂದರು. ದನಿ ಗುರುತು ಸಿಕ್ಕೀತೆಂದು ನಾನು ಎಲ್ಲದಕ್ಕೂ ತಲೆಯಾಡಿಸುತ್ತ ಕೂತೆ. ನಮ್ಮವರದು ಮೊದಲಿಂದಲೂ ಮಾತು ಕಡಿಮೆ ಎಂದಳು ನನ್ನ ಹೆಂಡತಿ.

ಗಂಡಿನ ತಂದೆ ಕಾಫಿ ಲೋಟ ಕೆಳಗಿಟ್ಟರು.

"ಮಾತಾಡಿ ಬೀಗ್ರೆ. ರಸ್ತೇಲಿ ಚೆನ್ನಾಗೇ ಮಾತಾಡಿದ್ರಲ್ಲ."