ಸೈಕಲ್ ಮುರಿದ ನೀತಿವಂತ

ಡೆಸ್ಮಂಡ್ ಪ್ಯಾಸ್ಕೊ ಕಾರನ್ನು ಹಿಂದಕ್ಕೆ ತೆಗೆದ. ಕರಕ್ ಎಂದಿತು. ಇಳಿದು ನೋಡಿದರೆ ವಿಭಾಗದ ಮುಖ್ಯಸ್ಥೆ ಹಿಲರಿಯವರ ಸೈಕಲ್ಲು. ಹಿಂದಿನ ಚಕ್ರ ಜಿಲೇಬಿಯಂತೆ ಸುತ್ತಿಕೊಂಡಿತ್ತು. ಅಪ್ಪ ಕೊಟ್ಟ ಸೈಕಲ್ಲು ಅದು. ಗಂಡನನ್ನು ಬಿಟ್ಟಾಗಲೂ ಹಿಲರಿ ಅದನ್ನು ಬಿಟ್ಟಿರಲಿಲ್ಲ.

ಹೊಬಾರ್ಟ್ ಊರಿನ ವಿಶ್ವವಿದ್ಯಾಲಯದ ಆ ನೀತಿಶಾಸ್ತ್ರ ವಿಭಾಗದಲ್ಲಿ ಒಂದೇ ಒಂದು ಕಾಯಂ ಹುದ್ದೆ ಖಾಲಿಯಿತ್ತು. ಅದಕ್ಕೆ ಬಾಯಿಬಿಟ್ಟುಕೊಂಡು ಕಾದವರು ಇಬ್ಬರು, ಡೆಸ್ಮಂಡ್ ಮತ್ತು ಕ್ಲೈವ್. ಯಾರಿಗೆಂದು ಹಿಲರಿ ಅಂದು ಮಧ್ಯಾಹ್ನವೇ ಹೇಳುವವರಿದ್ದರು. ಇಂಥ ದಿನ ಅವರ ಸೈಕಲ್ ಮುರಿಯುವುದೆಂದರೆ ತನ್ನ ಅನ್ನಕ್ಕೆ ತಾನೇ ಮಣ್ಣು ಹಾಕಿಕೊಂಡ ಹಾಗೆ. ಸಾಲದ್ದಕ್ಕೆ ಅವನ ಆ ದಿನದ ಪಾಠ, ಏನೇ ಆಗಲಿ ಸತ್ಯ ಹೇಳುವುದು ಮನುಷ್ಯನ ಕರ್ತವ್ಯ ಎಂಬುದು.

ಯಾರೂ ನೋಡಿರಲಿಲ್ಲ. ಯಾರಾದರೂ ನೋಡಿದ್ದರೆ, ಹೇಳಲೋ ಬೇಡವೋ ಎಂದು ಒದ್ದಾಡುವುದಾದರೂ ತಪ್ಪುತ್ತಿತ್ತು.

ಟೀ ಕೋಣೆಗೆ ಹೋದ. ಅಲ್ಲಿ ಕ್ಲೈವ್ ಬಿಸ್ಕತ್ತು ಅದ್ದುತ್ತಿದ್ದ. ಸದ್ಗುಣಗಳ ಪಾಠ ಮಾಡುವ ಹಿರಿಯ ಮೇಷ್ಟರಮ್ಮ ಎನಿಡ್ ಸ್ವೆಟರ್ ಹೆಣೆಯುತ್ತಿದ್ದರು.

“ಒಬ್ಬ ಮನುಷ್ಯ ಅಂತ ಇಟ್ಕೊಳ್ಳಿ,” ಎಂದ ಡೆಸ್ಮಂಡ್, ತಾನೂ ಒಂದು ಬಿಸ್ಕತ್ತು ಎತ್ತಿಕೊಂಡು ಕೂರುತ್ತಾ. “ಮೇಲಧಿಕಾರಿ ಸೈಕಲ್ ಮೇಲೆ ಗೊತ್ತಿಲ್ದೆ ಕಾರು ಹತ್ತಿಸ್ಬಿಟ್ಟ. ಯಾರೂ ನೋಡ್ಲಿಲ್ಲ. ಹೇಳ್ಬೇಕಾ, ಬೇಡ್ವಾ?”

ಹಬ್ಬದೂಟ ಕಂಡವರಂತೆ ಇಬ್ಬರ ಮುಖವೂ ಅರಳಿತು.

“ಸೈಕಲ್ ತಪ್ಪಿಸಿದ್ರೆ ಆ ಕಡೆ ಐದು ಜನ ಸಾಯ್ತಿದ್ರಾ?” ನೀತಿಶಾಸ್ತ್ರದ ಹಳೇ ಒಗಟಿನ ಧಾಟಿಯಲ್ಲಿ ಕ್ಲೈವ್ ಕೇಳಿದ.

“ಇಲ್ಲ, ಬರೀ ಗೋಡೆ.”

“ಛೆ, ಸ್ವಾರಸ್ಯ ಕಮ್ಮಿ ಆಯ್ತು. ಹೋಗ್ಲಿ, ಹೇಳಿದ್ರೆ ಎಷ್ಟು ಜನಕ್ಕೆ ಸುಖ, ಎಷ್ಟು ಜನಕ್ಕೆ ದುಃಖ, ಲೆಕ್ಕ ಹಾಕು. ಸುಖ ಜಾಸ್ತಿ ಇರೋ ದಾರಿನೇ ಸರಿ.”

“ಅದಕ್ಕೆಂಥಾ ಲೆಕ್ಕ?” ಎನಿಡ್ ಕಡ್ಡಿ ಝಳಪಿಸಿದರು. “ಒಳ್ಳೇ ಮನುಷ್ಯ ಆಗಿದ್ರೆ ಈ ಹೊತ್ತಿಗೆ ಓಡೋಗಿ ಹೇಳಿರ್ತಿದ್ದ. ಕೂತ್ಕೊಂಡು ಬಿಸ್ಕತ್ತು ತಿಂತಿರ್ಲಿಲ್ಲ.”

ಡೆಸ್ಮಂಡ್ ಬಿಸ್ಕತ್ತನ್ನು ಕೆಳಗಿಟ್ಟ. “ಎನಿಡ್, ಆ ಮನುಷ್ಯ ನಾನೇ!”

“ಭೇಷ್ ಮರಿ! ಆ ಜಾಗದಲ್ಲಿ ನಾವೇ ಇದ್ದೀವಿ ಅಂದ್ಕೊಂಡೇ ಯೋಚಿಸ್ಬೇಕು. ಹುಡುಗರಿಗೆ ಇದನ್ನೇ ಬಡ್ಕೋತೀನಿ.”

“ಅಯ್ಯೋ, ನಿಜವಾಗ್ಲೂ ನಾನೇ!”

“ಹಾಗಾದ್ರೆ ನಾನು ಸೈಕಲ್ ಅಂದ್ಕೋತೀನಿ,” ಎಂದ ಕ್ಲೈವ್ ಹುರುಪಿನಿಂದ.

ಪಾಠದ ಹೊತ್ತಾಯಿತು. ಸುಳ್ಳು ಹೇಳಬಾರದೆಂದು ಡೆಸ್ಮಂಡ್ ಒಂದು ಗಂಟೆ ಬೆವರುತ್ತಾ ಬೋಧಿಸಿದ. ಕೊನೆಗೆ ತನ್ನ ಪಾಠ ತನಗೇ ನಾಟಿತು. ಕೆಲಸ ಹೋದರೆ ಹೋಗಲಿ ಎಂದು ಗಟ್ಟಿಮನಸ್ಸು ಮಾಡಿ ಹಿಲರಿಯವರ ಕೋಣೆಗೆ ನುಗ್ಗಿದ.

ಹಿಲರಿ ಕಣ್ಣೊರೆಸಿಕೊಳ್ಳುತ್ತಿದ್ದರು. ಎನಿಡ್ ಬೆನ್ನು ಸವರುತ್ತಿದ್ದರು. ಕ್ಲೈವ್ ತಲೆತಗ್ಗಿಸಿ ನಿಂತಿದ್ದ.

“ಬನ್ನಿ ಡೆಸ್ಮಂಡ್,” ಎಂದರು ಹಿಲರಿ. “ನನ್ನ ಸೈಕಲ್ ಯಾರು ಮುರಿದ್ರು ಅಂತ ಎಲ್ರ ಮೇಲೂ ಹಾರಾಡ್ತಿದ್ದೆ. ಕ್ಲೈವ್ ತಾವಾಗೇ ಬಂದು, ನಾನೇ ಅಂದ್ರು. ಜೀವಮಾನ ಪೂರ್ತಿ ನೀತಿ ಪಾಠ ಮಾಡ್ದೆ, ಕಣ್ಣಾರೆ ನೋಡಿದ್ದು ಇವತ್ತೇ. ಹುದ್ದೆ ಅವರಿಗೇ.”

ಡೆಸ್ಮಂಡ್ ಕ್ಲೈವನತ್ತ ಬೆರಳು ತೋರಿಸಿದ. “ಅವನಲ್ಲ ಹಿಲರಿ, ಮುರಿದಿದ್ದು ನಾನು!”

“ಹುದ್ದೆ ಅಂದ ಕೂಡ್ಲೇ ತಪ್ಪೂ ನಿಮ್ದೇ ಆಗೋಯ್ತಾ?”

“ಬೆಳಗ್ಗೆಯಿಂದ ಹೇಳ್ತಿದೀನಿ! ಎನಿಡ್‌ನ ಕೇಳಿ!”

“ಹೇಳಿದ್ದೇನೋ ಹೌದು, ಉದಾಹರಣೆಗೆ ಅಂತ,” ಎಂದರು ಎನಿಡ್ ಮರುಕದಿಂದ. “ಪಾಪ, ಆ ಉದಾಹರಣೆನ ತುಂಬಾ ಹಚ್ಕೊಂಡ್ಬಿಟ್ಟಿದಾನೆ.”

“ನನ್ನ ಕಾರ್ ನೋಡಿ, ಹಿಂದ್ಗಡೆ ಜಜ್ಜಿಹೋಗಿದೆ!”

“ಅದು ಜಜ್ಜದೇ ಇದ್ದಿದ್ದು ಯಾವಾಗ?” ಹಿಲರಿ ಎದ್ದು ಬಾಗಿಲು ತೋರಿಸಿದರು. “ಇನ್ನೊಬ್ಬರ ಪ್ರಾಮಾಣಿಕತೆ ಕದಿಯೋರನ್ನ ನಾನು ಇದೇ ಮೊದಲು ನೋಡ್ತಿರೋದು. ಮುಂದಿನ ವರ್ಷ ನೀವಿಲ್ಲಿ ಇರ್ಬೇಕಾ ಅಂತ್ಲೂ ಯೋಚಿಸ್ತೀನಿ.”

ಹಿಂದೆಯೇ ಹೊರಗೆ ಬಂದ ಕ್ಲೈವನ ಕೊರಳಪಟ್ಟಿಯನ್ನು ಡೆಸ್ಮಂಡ್ ಹಿಡಿದ. “ನೀನ್ಯಾಕೋ ಒಪ್ಕೊಂಡೆ?”

“ಅವರ ಕೂಗಾಟಕ್ಕೆ ಇಡೀ ಕಟ್ಟಡ ನಡುಗ್ತಿತ್ತು. ಯಾರಾದ್ರೂ ಒಬ್ರು ಒಪ್ಕೊಂಡ್ರೆ ಎಲ್ರಿಗೂ ನೆಮ್ಮದಿ ಅಂತ ಲೆಕ್ಕ ಹಾಕ್ದೆ. ಅದಕ್ಕೆ ಕೆಲಸ ಕೊಡ್ತಾರೆ ಅಂತ ಯಾವನಿಗೆ ಗೊತ್ತಿತ್ತು ಮಾರಾಯ?”

“ಈಗ ಹೋಗಿ ನಿಜ ಹೇಳು!”

ಕ್ಲೈವ್ ಕಣ್ಣುಮುಚ್ಚಿ ಬೆರಳು ಮಡಚಿದ. “ಹೇಳಿದ್ರೆ ಹಿಲರಿಗೆ ದುಃಖ, ನನಗೆ ದುಃಖ, ನನ್ನ ಹೆಂಡ್ತಿಗೂ ದುಃಖ.” ಆಮೇಲೆ ಕಣ್ಣುಬಿಟ್ಟು, ಡೆಸ್ಮಂಡನ ಹೆಗಲ ಮೇಲೆ ಅಕ್ಕರೆಯಿಂದ ಕೈಯಿಟ್ಟ. “ಹೇಳ್ದಿದ್ರೆ, ನಿನಗೊಬ್ಬನಿಗೇ.”