ಹಸಿರು ಮನೆಯ ಕೆಮ್ಮು

ಮೂಡಲಗಿಗೆ ಮೊಟ್ಟಮೊದಲ ಹಸಿರು ಮನೆ ಕೊಟ್ಟ ಮಹಾಪುರುಷನಾಗಬೇಕೆಂದು ನಾನು ಪಣ ತೊಟ್ಟೆ. ತೊಟ್ಟಿದ್ದಷ್ಟೇ ಅಲ್ಲ, ಕಟ್ಟಿಯೂ ಬಿಟ್ಟೆ! ತಾರಸಿ ಮೇಲೆ ಸೋಲಾರ್, ಬಿಸಿಲು ತಡೆಯುವ ಗೋಡೆ, ಕಿಟಕಿಗಳಿಗೆ ಎರಡೆರಡು ಪದರ ಗಾಜು. ಎಸಿಯ ತಂಪು ಎಳ್ಳಷ್ಟೂ ಸೋರಬಾರದೆಂದು ಆ ಕಿಟಕಿಗಳನ್ನು ತೆರೆಯಲಾಗದಂತೆ ಅಂಟು ಹಾಕಿ ಮುಚ್ಚಿಸಿದೆ. ಅಡುಗೆಮನೆಯ ಫ್ಯಾನಿನ ಕಿಂಡಿಯನ್ನೂ ಬಿಡಲಿಲ್ಲ.

“ಸಾಹೇಬ್ರ, ಗಾಳಿ ಆಡಾಕ ಒಂದಾದ್ರೂ ಕಿಡಕಿ ಬಿಡ್ರಿ,” ಎಂದರು ಬಡಿಗ ಮೌಲಾಅಲಿ.

“ಕಾಕಾ, ನೀವು ಕಟಗಿ ನೋಡ್ಕೋರಿ. ವಿಜ್ಞಾನ ನಾ ನೋಡ್ಕೋತೇನಿ!”

ಒಕ್ಕಲಾದ ತಿಂಗಳೊಳಗೆ ಹೆಂಡತಿ ಆಮ್ರಪಾಲಿಗೆ ತಲೆನೋವು, ಕಣ್ಣುರಿ, ಕೆಮ್ಮು. ಶಾಲೆಯಲ್ಲಿ ಮಕ್ಕಳಿಗೆ ಪದ್ಯ ಹಾಡಿ ಕಲಿಸುವವಳ ದನಿಯೇ ಒಡೆದುಹೋಯಿತು.

“ಹೊಸ ಬಣ್ಣದ ವಾಸನಿ ಹೋಗವಲ್ದು. ಒಂದ ಕಿಡಕಿ ತಗಿಸ್ರಿ.”

“ಹುಡುಗರ ಮ್ಯಾಲೆ ಒದರೂದು ಕಡಿಮಿ ಮಾಡು, ಕೆಮ್ಮು ತಾನ ಹೋಗತೈತಿ!”

ಕೌಜಲಗಿಯ ತವರಿಗೆ ನಾಲ್ಕು ದಿನ ಹೋದಳು. ಕೆಮ್ಮು ಮಾಯ! ಮರಳಿ ಬಂದಳು, ಕೆಮ್ಮೂ ಬಂತು. ಇದರಿಂದ ನನ್ನ ವಿಜ್ಞಾನ ಕಂಡುಹಿಡಿದದ್ದೇನು? “ತವರಿಗೆ ಹೋಗಾಕ ಛಲೋ ನೆವಾ ಹುಡಕೀದಿ ಬಿಡು!” ಅಂದುಬಿಟ್ಟೆ.

ಅವಳು ಜಗಳಾಡಲಿಲ್ಲ. ಅಂದಿನಿಂದ ಕೆಮ್ಮು ಬಂದಾಗ ಸೆರಗು ಬಾಯಿಗೊತ್ತಿಕೊಂಡು ಬಚ್ಚಲಿಗೆ ಹೋಗುತ್ತಿದ್ದಳು. ಸದ್ದು ಕೇಳಿಸದಿದ್ದುದರಿಂದ, ಗುಣವಾಗಿದೆಯೆಂದೇ ನಾನು ತಿಳಿದೆ!

ಒಂದು ಭಾನುವಾರ ಮನೆ ತೋರಿಸಲು ಆಫೀಸಿನವರನ್ನೆಲ್ಲ ಊಟಕ್ಕೆ ಕರೆದೆ, ಮೌಲಾಅಲಿ ಕಾಕಾನನ್ನೂ. “ಹೊರಗಿನ ಧೂಳ, ಹೊಗಿ, ಒಂದೂ ಒಳಗ ಬರೂದಿಲ್ರಿ!” ಎಂದು ಭಾಷಣ ಶುರುಮಾಡಿದ್ದೇ ತಡ, ಅಡುಗೆಮನೆಯಲ್ಲಿ ಜುಣಕಕ್ಕೆ ಮೆಣಸಿನಕಾಯಿ ಒಗ್ಗರಣೆ ಬಿತ್ತು. ಘಾಟು ಬೇರೆ ದಾರಿಯಿಲ್ಲದೆ ನೇರ ಸಭೆಗೇ ಆಗಮಿಸಿತು!

“ಒಳಗ ಹುಟ್ಟಿದ ಹೊಗಿ ಎಲ್ಲಿಂದ ಹೋಗಬೇಕ್ರಿ?” ಕೆಮ್ಮುತ್ತಲೇ ಕೇಳಿದ ಸಹೋದ್ಯೋಗಿ ಗುರುಪಾದ.

ಉತ್ತರ ಕೊಡಲು ಬಾಯಿ ತೆರೆದೆ. ಬಂದದ್ದು ಕೆಮ್ಮು! ಇದ್ದೊಂದು ಬಾಗಿಲಲ್ಲಿ ಹದಿನಾಲ್ಕು ಜನ ನುಗ್ಗಿ ಅಂಗಳಕ್ಕೆ ಬಿದ್ದೆವು.

ಹತ್ತು ನಿಮಿಷಕ್ಕೆ ಎಲ್ಲರ ಕೆಮ್ಮೂ ನಿಂತಿತು. ಆಮ್ರಪಾಲಿಯದೂ.

“ಹೊರಗ ಬಂದ್ರ ಆರಾಮ ಅನಸ್ತೈತೇನವಾ?” ಎಂದು ಕೇಳಿದರು ಕಾಕಾ.

“ಮೂರು ತಿಂಗಳಾತ್ರಿ, ಅದನ್ನ ಹೇಳಾಕತ್ತೇನಿ.”

ಅವಳು ನನ್ನತ್ತ ನೋಡಲಿಲ್ಲ. ಸಿಟ್ಟಿನಿಂದಲಾದರೂ ನೋಡಿದ್ದರೆ ಚೆನ್ನಾಗಿತ್ತು.

ಮರುದಿನವೇ ಕಾಕಾ ಕಿಟಕಿಗಳ ಅಂಟನ್ನೆಲ್ಲ ಬಿಡಿಸಿ ತೆರೆದರು. ಎರಡು ವಾರದಲ್ಲಿ ಕೆಮ್ಮು ಇಳಿಯಿತು. ದನಿ ಮಾತ್ರ ಇನ್ನೂ ಪೂರ್ತಿ ಮರಳಿಲ್ಲ. ಮೊನ್ನೆ ಅವಳ ಪಕ್ಕ ಕುಳಿತು ಪಿಸುಗುಟ್ಟಿದೆ: “ನೆವಾ ಅಂದ್ನೆಲ್ಲ ನಿನಗ... ನಂದ ತಪ್ಪಾತು.”

“ಜೋರಲೆ ಹೇಳ್ರಿ,” ಎಂದಳು ಒಡಕು ದನಿಯಲ್ಲಿ. “ಕಿಡಕಿ ತಗದಾವು, ಓಣಿಗೂ ಕೇಳ್ಲಿ!”