ಕಾಡತೂಸಿನ ಖೋಲಿ

ನಾನು ಏನೇ ಕೆಲಸವನ್ನು ಶಿಸ್ತಿನಿಂದ ಶುರು ಮಾಡಲಿ, ಅದು ತಿರುಗಿ ತಿರುಗಿ ನಮ್ಮ ಅಡುಗೆಮನೆಗೇ ಹೋಗಿ ಮುಟ್ಟುತ್ತದೆ. ಒಂದು ಸಲ ಆದದ್ದಾಗಿದ್ದರೆ ಗ್ರಹಚಾರ ಅಂದುಕೊಂಡು ಸುಮ್ಮನಾಗುತ್ತಿದ್ದೆ. ಆದರೆ ಇದು ಆಗುತ್ತಲೇ ಇರುತ್ತದೆ.

ನಾನು ಸೈನ್ಯದಲ್ಲಿ ಮದ್ದುಗುಂಡಿನ ಉಗ್ರಾಣ ನೋಡಿಕೊಂಡವನು. ಗುಂಡು ಹಾರಿಸಿದ್ದಕ್ಕಿಂತ ಎಣಿಸಿದ್ದೇ ಹೆಚ್ಚು. ಹವಾಲ್ದಾರನಾಗಿಯೇ ನಿವೃತ್ತನಾಗಿ ವಿಜಯಪುರದ ಸಿದ್ಧೇಶ್ವರ ಗುಡಿ ಹತ್ತಿರದ ಓಣಿಯಲ್ಲಿ ನಮ್ಮ ಹಳೆಯ ಮನೆಗೆ ಬಂದು ಸೇರಿದೆ. ಮನೆಯಲ್ಲಿ ನಾನು, ನನ್ನ ಹೆಂಡತಿ, ನಮ್ಮವ್ವ. ಘೋಣಸಗಿಯಲ್ಲಿ ಹೊಲವಿದೆ, ಹೊಲದಲ್ಲಿ ಗೋವಿನಜೋಳವಿದೆ, ಗೋವಿನಜೋಳಕ್ಕೆ ಕಾಡುಹಂದಿಗಳ ಕಾಟವಿದೆ. ಬೆಳೆ ಕಾಯಲು ಲೈಸೆನ್ಸ್ ಮಾಡಿಸಿ ಒಂದು ಜೋಡುನಳಿಗೆ ಬಂದೂಕು ಇಟ್ಟುಕೊಂಡಿದ್ದೇನೆ. ಆಗಾಗ ಆಕಾಶಕ್ಕೆ ಹಾರಿಸುತ್ತೇನೆ. ಹಂದಿಗಳು ಅಷ್ಟು ದೂರ ಹೋಗಿ ನಿಂತು, ಸದ್ದು ಮುಗಿದ ಮೇಲೆ ಮತ್ತೆ ಊಟಕ್ಕೆ ಬರುತ್ತವೆ.

ಒಂದು ದಿನ ಫೋನಿನಲ್ಲಿ ಒಂದು ವಿಡಿಯೋ ನೋಡಿದೆ. ಯಾವುದೋ ದೇಶದ ಒಬ್ಬ ಅಜ್ಜ ಹಾರಿಸಿ ಖಾಲಿಯಾದ ಕಾಡತೂಸುಗಳಿಗೆ ಮನೆಯಲ್ಲೇ ಮತ್ತೆ ಮದ್ದು ತುಂಬುತ್ತಿದ್ದ. ಅದಕ್ಕಾಗಿಯೇ ಒಂದು ಖೋಲಿ, ಗಟ್ಟಿಮುಟ್ಟಾದ ಮೇಜು, ಆಳೆತ್ತರದ ಉಕ್ಕಿನ ಕಪಾಟು. ಅವನು ಬಾಗಿಲು ಹಾಕಿಕೊಂಡು ಕೂತಿದ್ದ, ಯಾರೂ ಅವನನ್ನು ಕರೆಯುತ್ತಿರಲಿಲ್ಲ. ನನಗೆ ಹೊಟ್ಟೆಕಿಚ್ಚಾಯಿತು. ಇಡೀ ನೌಕರಿಯನ್ನು ಒಂದು ಮಂಚ, ಮಂಚದ ಕೆಳಗೆ ಒಂದು ಟ್ರಂಕು, ಇಷ್ಟರಲ್ಲೇ ಕಳೆದವನು ನಾನು. ನನ್ನದು ಅನ್ನುವ ಒಂದು ಬಾಗಿಲು, ಅದರ ಚಾವಿ ನನ್ನ ಕಿಸೆಯಲ್ಲಿ. ನನಗೆ ಬೇಕಾದದ್ದು ಅಷ್ಟೇ. ಕಾಡತೂಸು ಒಂದು ನೆಪ.

ಮಾಜಿ ಸೈನಿಕನಿಗೆ ಪರವಾನಗಿ ಕೊಡದೆ ಇರುತ್ತಾರೆಯೇ ಅಂದುಕೊಂಡೆ. ಮೊದಲು ಖೋಲಿ ತಯಾರಾಗಲಿ, ಪರವಾನಗಿ ಆಮೇಲೆ ಕೇಳಿದರಾಯಿತು ಎಂದು ಕೆಲಸ ಶುರು ಮಾಡಿದೆ.

೧. ದೇವರಿಗೆ ದಾರಿ

ಹಿತ್ತಲ ಕಡೆಯ ಸಣ್ಣ ಖೋಲಿಯಲ್ಲಿ ಮುರುಕು ತೊಟ್ಟಿಲು, ಹಳೆಯ ಹಾಸಿಗೆ, ಯಾವ ಕಾಲದ್ದೋ ಒಂದು ರೇಡಿಯೋ ಬಿದ್ದಿದ್ದವು. ಎಲ್ಲ ತೆಗೆಸಿ ಸುಣ್ಣ ಹೊಡೆಸಿದೆ. ಬಾಗಿಲ ಮೇಲೆ ದೊಡ್ಡ ಅಕ್ಷರದಲ್ಲಿ ‘ಒಳಗೆ ಬೆಂಕಿ ತರಬಾರದು’ ಎಂದು ಬರೆಸಿದೆ. ಬಣ್ಣ ಇನ್ನೂ ಆರಿರಲಿಲ್ಲ, ನಮ್ಮವ್ವ ಒಂದು ಕೈಯಲ್ಲಿ ಆರತಿ ತಟ್ಟೆ, ಇನ್ನೊಂದು ಕೈಯಲ್ಲಿ ಹೊಗೆಯಾಡುವ ಊದಿನಕಡ್ಡಿ ಹಿಡಿದು ಬಂದಳು.

“ಯವ್ವಾ, ಅಲ್ಲೇ ನಿಂದರ ಬೇ. ಇದು ಮದ್ದಿನ ಖೋಲಿ. ಒಳಗ ಬೆಂಕಿ ತರಬಾರ್ದು.”

“ಮದ್ದ ಎಲ್ಲೈತಿ?”

“ಇನ್ನಾ ಬಂದಿಲ್ಲ.”

“ಹಂಗಾರ ಅದು ಬರೂದ್ರಾಗ ಪೂಜಿ ಮುಗಸ್ತೀನಿ, ಬಾಜೂಕ ಸರಿ.”

“ಮೊದಲನೇ ದಿನಾನ ಶಿಸ್ತು ಮುರದ್ರ ಹೆಂಗ ಬೇ? ಸೈನ್ಯದಾಗ ಒಂದ ಕಡ್ಡಿಪೆಟ್ಟಿಗಿ ಸೈತ ಒಳಗ ಬಿಡ್ತಿರಲಿಲ್ಲ.”

ಅವ್ವ ತಟ್ಟೆಯನ್ನು ನನ್ನ ಮುಖದ ಹತ್ತಿರ ತಂದು ನೋಡಿದಳು. “ದೇವರ ದೀಪಕ್ಕ ಬೆಂಕಿ ಅಂತಾರೇನೋ ತಮ್ಮಾ?”

ಕೊನೆಗೆ ರಾಜಿಯಾಯಿತು. ಅವ್ವ ಹಿತ್ತಲಿಗೆ ಹೋಗಿ, ಕಿಟಕಿಯ ಹೊರಗೆ ನಿಂತು ಖೋಲಿಗೆ ಆರತಿ ಎತ್ತುವುದು. ನಾನು ಒಳಗೆ ನಿಂತು ಕೈಮುಗಿಯುವುದು. ಎಲ್ಲ ಸರಿಯಾಗಿ ನಡೆಯಿತು. ತಟ್ಟೆ ಇಳಿಸುತ್ತಾ ಅವ್ವ ಕಿಟಕಿಯ ಸರಳಿನೊಳಗಿಂದ ಹೇಳಿದಳು:

“ದೀಪಾ ಇಲ್ಲದ ಖೋಲ್ಯಾಗ ದೇವ್ರು ಬಂದು ಎಡವಿ ಬಿದ್ರ, ನನ್ನ ಕರೀಬ್ಯಾಡ.”

೨. ಕಪಾಟು ಮತ್ತು ಗೋಡೆ

ಕಪಾಟು ಮಾಡಲು ತಿಕೋಟಾದ ಒಬ್ಬ ವೆಲ್ಡಿಂಗ್ ಮೇಸ್ತ್ರಿಗೆ ಹೇಳಿದೆ. ದ್ರಾಕ್ಷಿ ಒಣಗಿಸುವ ಶೆಡ್ಡುಗಳಿಗೆ ಕಬ್ಬಿಣದ ಚೌಕಟ್ಟು ಮಾಡಿ ಹೆಸರಾದವನು. ಅವನು ಮನೆಗೆ ಬಂದು, ಖೋಲಿಯ ಮೂಲೆ ಮೂಲೆಗೂ ಟೇಪು ಹಿಡಿದು ಅಳತೆ ತೆಗೆದುಕೊಂಡು, “ಎಷ್ಟ ಗಟ್ಟಿ ಬೇಕ್ರಿ?” ಎಂದು ಕೇಳಿದ.

“ಆನಿ ಬಂದು ಒದ್ರೂ ಅಲುಗಾಡಬಾರ್ದು.”

ಆ ಮಾತನ್ನು ಅವನು ಮನಸ್ಸಿಗೆ ತೆಗೆದುಕೊಂಡ. ಟ್ರ್ಯಾಕ್ಟರ್ ಟ್ರೇಲರಿನಲ್ಲಿ ಕಪಾಟು ಬಂದಾಗ ಓಣಿಯ ಜನವೆಲ್ಲ ಹೊರಗೆ ಬಂದು ನಿಂತರು. ಇಳಿಸಲು ಹಮಾಲರೇ ಬೇಕಾಯಿತು. ಅಂಗಳ ದಾಟಿತು, ಪಡಸಾಲೆ ದಾಟಿತು. ಖೋಲಿಯ ಬಾಗಿಲಿಗೆ ಬಂದು ನಿಂತಿತು. ಉದ್ದಕ್ಕೆ ಹಿಡಿದರು, ಅಡ್ಡಕ್ಕೆ ಹಿಡಿದರು, ಮಲಗಿಸಿದರು. ಬಾಗಿಲು ಹಳೆಯ ಕಾಲದ್ದು, ಬಗ್ಗಿ ಒಳಗೆ ಹೋಗುವಂಥದ್ದು. ಕಪಾಟಿಗೆ ಬಗ್ಗಲು ಬರುವುದಿಲ್ಲ.

“ಅಳತಿ ತಗೊಂಡಿದ್ದೆಲ್ಲಪಾ?” ಎಂದೆ.

“ಖೋಲಿದು ತಗೊಂಡೇನ್ರಿ. ಒಳಗ ಹೋದ್ರ ಬರೋಬ್ಬರಿ ಕುಂದರ್ತೈತಿ ನೋಡ್ರಿ.”

“ಒಳಗ ಹೋಗೂದು ಹೆಂಗ?”

“ಅದನ್ನ ನೀವು ಕೇಳಿರ್ಲಿಲ್ರಿ.”

ಕಪಾಟು ಕತ್ತರಿಸಿ ಸಣ್ಣದು ಮಾಡು ಎಂದರೆ ಅವನು ಒಪ್ಪಲಿಲ್ಲ. ಅದು ಅವನ ಕೈಗೆ ಅವಮಾನವಂತೆ. ಕೊನೆಗೆ ಗೌಂಡಿಯನ್ನು ಕರೆಸಿ, ಬಾಗಿಲ ಪಕ್ಕದ ಗೋಡೆ ಒಡೆಸಿ, ಕಪಾಟು ಒಳಗೆ ತಳ್ಳಿ, ಗೋಡೆ ಮತ್ತೆ ಕಟ್ಟಿಸಿದೆವು. ಹೆಂಡತಿ ಧೂಳು ಗುಡಿಸುತ್ತಾ ನನ್ನ ಕಡೆ ನೋಡಲೂ ಇಲ್ಲ. ಮೇಸ್ತ್ರಿ ಮಾತ್ರ ಕಪಾಟಿನ ಬೆನ್ನು ತಟ್ಟಿ, ತುಂಬಾ ಸಮಾಧಾನದಿಂದ ಹೇಳಿದ:

“ಇನ್ನ ಕಳ್ಳ ಬಂದ್ರ ಗೌಂಡಿನ್ನ ಕರ್ಕೊಂಡ ಬರಬೇಕ್ರಿ.”

೩. ಮೇಜಿನ ಮೇಲಿನ ಹಕ್ಕು

ಅದೇ ಮೇಸ್ತ್ರಿ ಮೇಜನ್ನೂ ಮಾಡಿಕೊಟ್ಟ. ಅದರ ಕಬ್ಬಿಣದ ಕಾಲುಗಳನ್ನು ನೆಲದೊಳಗೇ ಹುಗಿದು ಸಿಮೆಂಟು ಹಾಕಿದ. ಕಾಡತೂಸು ತುಂಬುವ ಯಂತ್ರ ತರಿಸುವುದು ಪರವಾನಗಿ ಬಂದ ಮೇಲೆ ಎಂದು ಮೇಜನ್ನು ಖಾಲಿ ಬಿಟ್ಟಿದ್ದೆ. ಅದೇ ತಪ್ಪಾಯಿತು. ಬೇಸಿಗೆ ಬಂತು, ಓಣಿಯಲ್ಲಿ ಶಾವಿಗೆ ಮಾಡುವ ಕಾಲ.

ಕೈಯಿಂದ ತಿರುಗಿಸುವ ಶಾವಿಗೆ ಮಷಿನ್ನನ್ನು ಒಂದು ಹಲಗೆಗೆ ಬಿಗಿಯಬೇಕು. ತಿರುಗಿಸುವಾಗ ಹಲಗೆ ಏಳಬಾರದೆಂದು ಅದರ ಇನ್ನೊಂದು ತುದಿಯ ಮೇಲೆ ಭಾರದ ಮನುಷ್ಯರು ಯಾರಾದರೂ ಕೂರಬೇಕು. ನಮ್ಮ ಓಣಿಯಲ್ಲಿ ಆ ಜಾಗ ಎದುರು ಮನೆಯ ದೊಡ್ಡವ್ವನದು. ಮೈಕೈ ತುಂಬಿಕೊಂಡ ಹೆಂಗಸು. ಎಲ್ಲರ ಮನೆಯಲ್ಲೂ ಅವಳೇ ಕೂರುವವಳು. ಕೂತಲ್ಲಿಂದಲೇ ಹಿಟ್ಟಿನ ಹದ, ಶಾವಿಗೆಯ ಎಳೆ, ಸೊಸೆಯಂದಿರ ನಡತೆ ಎಲ್ಲದರ ಮೇಲೆ ತೀರ್ಪು ಕೊಡುತ್ತಿದ್ದಳು.

ಆ ವರ್ಷ ನನ್ನ ಹೆಂಡತಿ ಮಷಿನ್ನನ್ನು ತಂದು ನನ್ನ ಮೇಜಿಗೆ ಬಿಗಿದಳು. ಮೇಜು ಕದಲಲಿಲ್ಲ. ಹೆಂಗಸರಿಗೆಲ್ಲ ಸಂತೋಷವೋ ಸಂತೋಷ. ಕೈಹಿಡಿ ತಿರುಗಿಸುವ ಕೆಲಸ ನನ್ನ ಪಾಲಿಗೆ ಬಂತು. ಅಷ್ಟರಲ್ಲಿ ದೊಡ್ಡವ್ವ ಬಂದು ಬಾಗಿಲಲ್ಲಿ ನಿಂತಳು.

“ಇಷ್ಟ ವರ್ಷ ನಾ ಕುಂತೇನಿ. ಈಗ ಕಬ್ಬಣ ಬಂತು, ನಾ ಬ್ಯಾಡಾದ್ನೇನು?”

ಅವಳು ನಿಜವಾಗಿಯೂ ನೊಂದುಕೊಂಡಿದ್ದಳು. ನನಗೆ ಕೆಡುಕೆನಿಸಿತು. ಓಡಿಹೋಗಿ ಒಂದು ಪ್ಲಾಸ್ಟಿಕ್ ಕುರ್ಚಿ ತಂದು ಮೇಜಿನ ತುದಿಗೆ ಒತ್ತಿ ಹಾಕಿದೆ. ದೊಡ್ಡವ್ವ ಕೂತಳು, ಒಂದು ಕೈಯನ್ನು ಮೇಜಿನ ಮೇಲೆ ಬಲವಾಗಿ ಊರಿದಳು. ನಾನು ತಿರುಗಿಸತೊಡಗಿದೆ. ಸ್ವಲ್ಪ ಹೊತ್ತಿನ ಮೇಲೆ ಅವಳು ಗೆದ್ದವಳ ಹಾಗೆ ಎಲ್ಲರನ್ನೂ ನೋಡಿ ಹೇಳಿದಳು: “ನೋಡ್ರೆವಾ, ಅಲಗ್ಯಾಡಾಕತ್ತೈತಿ. ನಾ ಹಿಡದೇನಂತ ನಿಂತೈತಿ.”

ಅಲುಗಾಡುತ್ತಿದ್ದದ್ದು ಕುರ್ಚಿ. ಅದನ್ನು ಹೇಳುವ ಧೈರ್ಯ ಸೈನ್ಯದಲ್ಲಿದ್ದು ಬಂದ ನನಗೂ ಆಗಲಿಲ್ಲ.

೪. ಹಂದರ ಹಾಕಿ ಹೆಣ್ಣು ನೋಡಿದ್ದು

ಇನ್ನು ತಡ ಮಾಡಿದರೆ ಮೇಜು ಪೂರ್ತಿ ಕೈತಪ್ಪುತ್ತದೆಂದು ಹೆದರಿ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಲೈಸೆನ್ಸ್ ಕಚೇರಿಗೆ ಹೋದೆ. ಅಲ್ಲಿನ ಹಿರಿಯ ಗುಮಾಸ್ತರು ನನ್ನ ಮಾತನ್ನು ಪೂರ್ತಿ ಕೇಳಿ ಕನ್ನಡಕ ತೆಗೆದಿಟ್ಟರು.

“ಮನ್ಯಾಗ ಕಾಡತೂಸ ತುಂಬೂದು? ಇಲ್ರಿ ಹವಾಲ್ದಾರ್ರ. ಅಂಗಡ್ಯಾಗ ತಗೋರಿ, ಭದ್ರ ಇಟ್ಕೋರಿ. ತುಂಬೂ ಮಾತ ಬಿಡ್ರಿ.”

“ಖೋಲಿ ತಯಾರಾಗೇತ್ರಿ. ಕಪಾಟ ಬಂದೈತಿ. ಗ್ವಾಡಿ ಒಡದೇವ್ರಿ.”

“ಮದಿವಿ ಹಂದರಾ ಹಾಕಿ, ಆಮ್ಯಾಲ ಹೆಣ್ಣ ನೋಡಾಕ ಬಂದಂಗ ಆತಲ್ರಿ ಇದು.”

ಪಕ್ಕದ ಮೇಜಿನವರೂ ನಕ್ಕರು. ಗುಮಾಸ್ತರು ಅಷ್ಟಕ್ಕೇ ಬಿಡಲಿಲ್ಲ. “ಹೆಂಗೂ ಬಂದೀರಿ, ಒಂದ ಮಾತ. ಇಲೆಕ್ಷನ್ ಬಂತು. ಇದ್ದ ಬಂದೂಕು, ಕಾಡತೂಸು ಎಲ್ಲಾ ಠಾಣೆಕ್ಕ ತಂದು ಜಮಾ ಮಾಡ್ರಿ.”

ಕಾಡತೂಸು ತುಂಬುವ ಪರವಾನಗಿ ತರಲು ಹೋದವನು ಇದ್ದದ್ದನ್ನೂ ಕೊಟ್ಟು ಬಂದೆ. ಖಾಲಿ ಖೋಲಿಯಲ್ಲಿ, ಖಾಲಿ ಕಪಾಟಿನ ಎದುರು, ಸ್ಟೂಲಿನ ಮೇಲೆ ಕೂತೆ. ಆ ಹೊತ್ತು ನನಗೆ ದುಃಖವಾದದ್ದು ನಿಜ. ಈ ವಯಸ್ಸಿನಲ್ಲಿ ಆಟದ ಸಾಮಾನು ಕಸಿದುಕೊಂಡರೆ ಅಳಲೂ ಬರುವುದಿಲ್ಲ.

ಹೆಂಡತಿ ಬಂದು ನನ್ನನ್ನು ನೋಡಿದಳು, ಕಪಾಟನ್ನು ನೋಡಿದಳು. ಅವಳ ತಂಗಿಯ ಮಗಳು ಬಬಲೇಶ್ವರದಲ್ಲಿ ಬಸುರಿ. ಕುಬಸದ ಕಾರ್ಯಕ್ಕೆಂದು ಖಡಕ್ ರೊಟ್ಟಿ ಬಡಿಯುವ ಕೆಲಸ ನಮ್ಮ ಮನೆಯಲ್ಲಿ ಜೋರಾಗಿ ನಡೆದಿತ್ತು.

“ರೀ, ಅಡಗಿ ಮನ್ಯಾಗ ಇಲಿ ಭಾಳ ಆಗ್ಯಾವು. ಇದು ಹೆಂಗೂ ಖಾಲಿ ಐತಿ. ನಾಕ ದಿನ ರೊಟ್ಟಿ ಇಡ್ಲೇನು?”

ಬೇಡ ಅನ್ನಲು ನನ್ನಲ್ಲಿ ಕಾರಣವೇ ಇರಲಿಲ್ಲ. ಅವಳ ರೊಟ್ಟಿಯ ಹಿಂದೆ ಪಕ್ಕದ ಮನೆಯವರದು ಬಂತು, ಅದರ ಹಿಂದೆ ದೊಡ್ಡವ್ವನದು. ಯಾರ ರೊಟ್ಟಿ ಯಾವ ಖಣದಲ್ಲಿದೆ, ಯಾರು ಎಷ್ಟು ಒಯ್ದರು ಎಂದು ಜಗಳವಾಗಬಾರದಲ್ಲ? ಎಣಿಸಿ ಇಡುವ, ಎಣಿಸಿ ಕೊಡುವ ಕೆಲಸ ನನಗೇ ಬಂತು.

“ಸರ್ಕಾರದಾಗ ಇದ್ದಾಗೂ ಇದನ್ನ ಮಾಡ್ತಿದ್ರೆಲ್ಲಾ,” ಅಂದಳು ಹೆಂಡತಿ, “ಅಲ್ಲಿ ಇದ್ದದ್ದು ತಿನ್ನಾಕ ಬರ್ತಿರಲಿಲ್ಲ, ಅಷ್ಟ ಫರಕ್ಕು.”

೫. ತನಿಖೆ

ಇಲೆಕ್ಷನ್ ಮುಗಿಯಿತು, ಬಂದೂಕು ಮತ್ತು ಕಾಡತೂಸು ಮನೆಗೆ ಬಂದವು. ಕಪಾಟಿನ ಮೇಲಿನ ಭಾಗದಲ್ಲಿ ಬೇರೆ ಕೀಲಿ ಇರುವ ಉಕ್ಕಿನ ತಿಜೋರಿಯಿತ್ತು. ಅವನ್ನು ಅದರೊಳಗಿಟ್ಟು, ಅದರ ಚಾವಿಯನ್ನು ನನ್ನ ಕಿಸೆಯಲ್ಲಿ ಇಟ್ಟುಕೊಂಡೆ. ಕುಬಸ ಮುಗಿದು ಮಳೆಗಾಲ ಬಂದರೂ ಕೆಳಗಿನದು, ಮುಂದಿನದು ಎಲ್ಲ ರೊಟ್ಟಿಯ ರಾಜ್ಯ. ಅಷ್ಟರಲ್ಲೇ ಲೈಸೆನ್ಸ್ ನವೀಕರಣದ ಸಮಯ ಬಂತು. ಬಂದೂಕು ಇಡುವ ಜಾಗ ಭದ್ರವಾಗಿದೆಯೇ ಎಂದು ನೋಡಲು ಸಾಹೇಬರು ಬರುತ್ತಾರೆ ಎಂದು ಠಾಣೆಯಿಂದ ಹೇಳಿ ಕಳಿಸಿದರು. ಅವರು ಒಪ್ಪದಿದ್ದರೆ ಲೈಸೆನ್ಸ್ ಹೋಗುತ್ತದೆ. ಬಂದೂಕೇ ಇಲ್ಲದ ಮೇಲೆ ಈ ಖೋಲಿ ನನ್ನದು ಅನ್ನಲು ನನ್ನ ಹತ್ತಿರ ಏನು ಉಳಿಯುತ್ತದೆ?

“ಅವರು ಬರೂದ್ರಾಗ ರೊಟ್ಟಿ ತಗಿ,” ಎಂದು ಹೆಂಡತಿಗೆ ಎಷ್ಟು ಸಲ ಹೇಳಿದೆನೋ. “ನಾಳಿ ತಗೀತೀನ್ರಿ,” ಅಂದಳು. ಸಾಹೇಬರು ಅಂದೇ ಬಂದರು.

ಅವರು ಖೋಲಿಯೊಳಗೆ ಬಂದು ಕಿಟಕಿ ಅಲುಗಿಸಿದರು, ಮೇಜು ಅಲುಗಿಸಿದರು. ನಾನು ಎದೆ ಸೆಟೆಸಿ ನಿಂತು ಕಪಾಟು ತೆರೆದೆ. ನೆಲದಿಂದ ಎದೆಮಟ್ಟದವರೆಗೆ ರೊಟ್ಟಿ. ಮೇಲೆ ತಿಜೋರಿಯ ಬಾಗಿಲು ಕಾಣದಂತೆ ಇನ್ನಷ್ಟು ರೊಟ್ಟಿ.

“ಇದೇನ್ರಿ?”

“ರೊಟ್ಟಿರಿ ಸಾಹೇಬ್ರ.”

“ಕಾಣತೈತಿ. ಬಂದೂಕ ಎಲ್ಲೈತಿ?”

“ರೊಟ್ಟಿ ಹಿಂದರಿ.”

ಹೆಂಡತಿ ಮುಂದೆ ಬಂದು ಅಡ್ಡಲಾಗಿದ್ದ ರೊಟ್ಟಿಯ ಥಪ್ಪಿಗಳನ್ನು ಒಂದೊಂದಾಗಿ ತೆಗೆದು, ಬೇರೆ ಯಾರೂ ಕಾಣದ್ದರಿಂದ ಸಾಹೇಬರ ಜೊತೆ ಬಂದಿದ್ದ ಪೇದೆಯ ಕೈಯಲ್ಲಿ ಪೇರಿಸಿದಳು. “ಸಾವಕಾಶ ಹಿಡೀರಿ ಯಪ್ಪಾ, ಮುರೀತಾವು.” ಪೇದೆ ಗದ್ದದಿಂದ ಮೇಲಿನ ರೊಟ್ಟಿ ಒತ್ತಿ ಹಿಡಿದು, ಉಸಿರು ಬಿಗಿಹಿಡಿದು ನಿಂತ. ನಾನು ತಿಜೋರಿ ತೆರೆದು ತೋರಿಸಿದೆ. ಸಾಹೇಬರು ತಲೆಯಾಡಿಸಿದರು. ಗೆದ್ದೆ ಅಂದುಕೊಂಡೆ. ಅಷ್ಟರಲ್ಲಿ ಅವರ ಕಣ್ಣು ಗೋಡೆಯ ಮೇಲೆ ಬಿತ್ತು. ಒಡೆದು ಕಟ್ಟಿಸಿದ ಕಡೆ ಬಣ್ಣ ಬೇರೆಯಾಗಿತ್ತು.

“ಇಲ್ಲಿ ತೇವ ಹಿಡದಂಗ ಕಾಣತೈತಿ. ಹಳೀ ಗ್ವಾಡಿ. ತೇವದಾಗ ಕಾಡತೂಸ ಇಟ್ರ ಕೆಡ್ತಾವು, ನಿಮಗ ಗೊತ್ತಿರಬೇಕು. ನಾ ಒಪ್ಪೂದ ಕಠಿಣ ಐತ್ರಿ.”

“ತೇವ ಇಲ್ರಿ. ಅದು ಹೊಸಾ ಗಿಲಾವು,” ಎಂದೆ.

“ಅದಕ್ಕ ಪುರಾವೆ?”

ಉಗ್ರಾಣ, ಹವೆ, ಉಷ್ಣಾಂಶ ಎಂದು ನನಗೆ ಗೊತ್ತಿದ್ದದ್ದನ್ನೆಲ್ಲ ಹೇಳಿದೆ. ಅವರ ಮುಖ ಬದಲಾಗಲಿಲ್ಲ. ಆಗ ಹೆಂಡತಿ ಪೇದೆಯ ಕೈಯಿಂದ ಒಂದು ರೊಟ್ಟಿ ಎತ್ತಿಕೊಂಡು, ಸಾಹೇಬರ ಕಿವಿಯ ಹತ್ತಿರ ಹಿಡಿದು ಮುರಿದಳು. ಟಪ್ ಎಂದಿತು.

“ಇದು ಗ್ವಾಡಿ ಬಾಜೂಕ ಇದ್ದದ್ರಿ. ಮಳಿ ಹತ್ತಿದಾಗಿಂದ ಇಲ್ಲೇ ಐತಿ. ತೇವ ಇದ್ದಿದ್ರ ಹಿಂಗ ಮುರೀತಿತ್ತೇನ್ರಿ?”

ಸಾಹೇಬರು ಇದೇ ಸೀಮೆಯವರು. ತುಂಡನ್ನು ಕೈಗೆ ತೆಗೆದುಕೊಂಡು ತಾವೇ ಒಮ್ಮೆ ಮುರಿದರು. ಕೆಳಗಿನ ಖಣದಿಂದ ಇನ್ನೊಂದು ತೆಗೆಸಿ ಅದನ್ನೂ ಮುರಿದರು. ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿ ಅಗಿದರು. “ಬರೇ ರೊಟ್ಟಿಲೆ ಪೂರ್ತಿ ತಿಳಿಯೂದಿಲ್ಲ,” ಅಂದರು. ಹೆಂಡತಿ ಶೇಂಗಾದ ಚಟ್ನಿಹಿಂಡಿ, ಕೆನೆಮೊಸರು ತಂದಿಟ್ಟಳು. ಶಾವಿಗೆಯ ಮೇಜಿನ ಮೇಲೆ ತನಿಖೆ ಮುಂದುವರಿಯಿತು. ಪೇದೆಗೆ ಕೈ ಖಾಲಿ ಇರಲಿಲ್ಲ, ಪಾಪ, ನೋಡುತ್ತಾ ನಿಂತ.

“ಖಡಕ್ ಐತಿ,” ಎಂದರು ಕೊನೆಗೆ. “ತೇವ ಇಲ್ಲ. ಲೈಸೆನ್ಸಿಗೆ ತಕರಾರಿಲ್ಲ. ಆದ್ರ ರೊಟ್ಟಿ ಇಲ್ಲಿಂದ ತಗೀಬ್ಯಾಡ್ರಿ. ತೇವ ಬಂದ್ರ ಮೊದಲ ಅದಕ್ಕ ತಿಳೀತೈತಿ. ಮುಂದಿನ ಸಲ ಬಂದಾಗೂ ನೋಡ್ತೀನಿ.”

ಹೆಂಡತಿ ಪೇದೆಯ ಕೈಯಿಂದ ಥಪ್ಪಿಗಳನ್ನು ಇಳಿಸಿಕೊಂಡು, ಖೋಲಿ ತನ್ನದೇ ಎಂಬ ಹಾಗೆ ಕಪಾಟಿನಲ್ಲಿ ಜೋಡಿಸತೊಡಗಿದಳು. ನನಗೆ ಲೈಸೆನ್ಸ್ ಉಳಿಯಿತು, ಆದರೆ ಖೋಲಿ ಕಣ್ಣೆದುರೇ ಹೋಗುತ್ತಿತ್ತು. ತಡೆಯಲಾಗಲಿಲ್ಲ.

“ಸಾಹೇಬ್ರ, ಈ ಖೋಲಿ ನಂದು ಅಂತ ರಿಪೋರ್ಟಿನ್ಯಾಗ ಒಂದ ಮಾತ ಬರೀರಿ. ಅಷ್ಟ ಸಾಕು.”

ಅವರು ಮೊಸರಿನ ಬಟ್ಟಲನ್ನು ಕೆಳಗಿಟ್ಟು, ಒಮ್ಮೆ ನನ್ನ ಹೆಂಡತಿಯ ಕಡೆ ನೋಡಿ, ದನಿ ತಗ್ಗಿಸಿದರು.

“ಬಂದೂಕ ನಿಮ್ಮದು ಅಂತ ಬರೀತೀನ್ರಿ. ಖೋಲಿ ಯಾರದು ಅನ್ನೂದು ನನ್ನ ಕೈಯಾಗಿಂದಲ್ಲ. ನಮ್ಮ ಮನ್ಯಾಗೂ ಅದಿನ್ನಾ ಇತ್ಯರ್ಥ ಆಗಿಲ್ಲ.”